ಆಟಕ್ಕೆ ಮೊದಲೇ ಹದಿನೈದು ಗಂಟೆ

ಓದುಗರ ಪತ್ರ: ಹಬ್ಬದ ರಿಯಾಯಿತಿಯಲ್ಲಿ ‘ಎಲ್ಡನ್ ರಿಂಗ್’ ಎಂಬ ವಿಡಿಯೊ ಗೇಮ್ ತಗೊಂಡೆ. ತುಂಬಾ ಕಷ್ಟದ ಆಟ ಅಂತ ಎಲ್ಲರೂ ಹೆದರಿಸಿದ್ದರು. ಮೊದಲು ಕಲಿತುಕೊಳ್ಳೋಣ ಎಂದು ಯೂಟ್ಯೂಬ್ ನೋಡಲು ಕೂತೆ. ಲೆಕ್ಕ ಹಾಕಿದರೆ ನೋಡಿದ್ದು ಹದಿನೈದು ಗಂಟೆ, ಆಡಿದ್ದು ಮೂರು. ಎಲ್ಲಿ ಏನಿದೆ ಅಂತ ಗೊತ್ತು, ಆದರೂ ಸಾಯುತ್ತಲೇ ಇದ್ದೇನೆ. ಹೋಮ್‌ವರ್ಕ್ ಮಾಡಿದ ಹಾಗಿದೆ. ‘ಏನೂ ತಿಳ್ಕೊಳ್ಳದೆ ಆಡಬೇಕಿತ್ತು ಅಣ್ಣ’ ಅಂತಾನೆ ತಮ್ಮ. ಮಗಳಿಗೆ ಎರಡು ವರ್ಷ. ಅವಳು ಮಲಗಿದ ಮೇಲೆ ನನಗೆ ಸಿಗುವುದೇ ಒಂದು ಗಂಟೆ. ಆಡುವ ಮೊದಲು ಎಷ್ಟು ತಿಳಿದಿರಬೇಕು? ಇನ್ನೊಂದು: ಶುರುವಿನಲ್ಲೇ ಸಿಗುವ ಚಿನ್ನದ ಕವಚದ ಕುದುರೆ ಸವಾರನನ್ನು ಮೊದಲೇ ಕೊಲ್ಲು ಅಂತ ಒಬ್ಬರು, ಬಿಟ್ಟು ಹೋಗು ಅಂತ ಇನ್ನೊಬ್ಬರು. ಯಾವುದು ಸರಿ?
— ಒಬ್ಬ ಓದುಗ, ದಾವಣಗೆರೆ

ನಮಸ್ಕಾರ.

ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಹದಿನೈದು ಗಂಟೆಯ ಮೇಲಲ್ಲ, ಮಗಳ ಮೇಲೆ. ಈ ಆಟದಲ್ಲಿ ಪಾಝ್ ಬಟನ್ ಇಲ್ಲ. ಮಗು ಎದ್ದು ಅತ್ತರೆ ನೀವು ಎದ್ದು ಹೋಗುತ್ತೀರಿ, ಎದುರಿಗಿರುವ ರಾಕ್ಷಸ ಕಾಯುವುದಿಲ್ಲ. ನೀವು ನೋಡಿದ ವಿಡಿಯೊಗಳಲ್ಲಿ ಯಾರಾದರೂ ಇದನ್ನು ಹೇಳಿದರಾ? ಮೆನುಗೆ ಹೋಗಿ ಆಟದಿಂದ ಹೊರಬಂದರೆ ಅಲ್ಲಿಯವರೆಗಿನದ್ದು ತಾನಾಗಿಯೇ ಸೇವ್ ಆಗುತ್ತದೆ. ಎರಡು ವರ್ಷದ ಮಗುವಿನ ಅಪ್ಪನಿಗೆ ಯಾವ ಕತ್ತಿ ಒಳ್ಳೆಯದು ಎನ್ನುವುದಕ್ಕಿಂತ ಇದು ಮುಖ್ಯ.

ಮೊದಲೇ ತಿಳಿದಿರಬೇಕಾದದ್ದು ಇಂಥ ಸಪ್ಪೆ ವಿಷಯಗಳೇ. ಕಂಪ್ಯೂಟರಿನಲ್ಲಾದರೆ ಕನಿಷ್ಠ 12 ಜಿಬಿ ರ‍್ಯಾಮ್, 60 ಜಿಬಿ ಜಾಗ ಬೇಕು. ಸುಲಭ, ಮಧ್ಯಮ, ಕಷ್ಟ ಅಂತ ಆರಿಸಿಕೊಳ್ಳುವ ಸೌಲಭ್ಯ ಇಲ್ಲ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡರೆ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಿಮ್ಮದು ಮೂರು ಗಂಟೆ ದಾಟಿದೆ, ಆ ಮಾತು ಬಿಡಿ.

ಈಗ ನಿಮ್ಮ ತಮ್ಮನ ಮಾತು. ಅವನು ಪೂರ್ತಿ ಸರಿ ಆಗುವ ಆಟಗಳೂ ಇವೆ. 2018ರಲ್ಲಿ ಲ್ಯೂಕಾಸ್ ಪೋಪ್ ಮಾಡಿದ ‘ರಿಟರ್ನ್ ಆಫ್ ದಿ ಒಬ್ರಾ ಡಿನ್’ ಅಂಥದ್ದು. 1807ರಲ್ಲಿ ಒಂದು ಹಡಗು ಜನರಿಲ್ಲದೆ ದಡಕ್ಕೆ ಬರುತ್ತದೆ. ನೀವು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ವಿಮೆಯ ಲೆಕ್ಕ ನೋಡಲು ಹತ್ತಿದವರು. ಹಡಗಿನ 60 ಜನರಲ್ಲಿ ಯಾರು ಯಾರು, ಯಾರಿಗೆ ಏನಾಯಿತು ಎಂದು ಪುಸ್ತಕದಲ್ಲಿ ತುಂಬಬೇಕು. ಮೂರು ಜನರದ್ದು ಸರಿಯಾದಾಗ ಮಾತ್ರ ಆಟ ಒಪ್ಪಿಕೊಳ್ಳುತ್ತದೆ. ಒಂದು ರಾತ್ರಿ ಒಬ್ಬ ನಾವಿಕನ ಹೆಸರು ಎಷ್ಟು ಹುಡುಕಿದರೂ ಸಿಗದೆ ಫೋನ್ ತೆಗೆದು ಉತ್ತರ ನೋಡಿಬಿಟ್ಟೆ. ಸುಳಿವು ನಾನು ನಾಲ್ಕು ಸಲ ನೋಡಿದ್ದ ದೃಶ್ಯದಲ್ಲೇ ಇತ್ತು. (ಏನು ಅಂತ ಬರೆಯುವುದಿಲ್ಲ.) ಹೆಸರು ತುಂಬಿದೆ. ಮೂರೂ ಸರಿಯಾಗಿ ಪುಟದಲ್ಲಿ ಅಚ್ಚಾದವು. ಒಂದಿಷ್ಟೂ ಖುಷಿಯಾಗಲಿಲ್ಲ. ಆ ಆಟದಲ್ಲಿ ಸಿಗುವ ಸಂಬಳ ಒಂದೇ, ‘ಓ, ಹೌದಲ್ಲ!’ ಅನ್ನಿಸುವ ಕ್ಷಣ. ಅದನ್ನು ನಾನು ಬೇರೆಯವರ ಜೇಬಿಗೆ ಹಾಕಿದ್ದೆ.

ಅವನು ಪೂರ್ತಿ ತಪ್ಪಾಗುವ ಆಟಗಳೂ ಇವೆ. ಕಂಪ್ಯೂಟರಿನ ‘ಮೈನ್‌ಕ್ರಾಫ್ಟ್’ನಲ್ಲಿ 2017ರವರೆಗೆ ಏನನ್ನು ಹೇಗೆ ಮಾಡಬೇಕೆಂಬ ಪಟ್ಟಿಯೇ ಆಟದೊಳಗೆ ಇರಲಿಲ್ಲ. ಪಿಕಾಸಿ ಬೇಕಾದರೆ ಒಂಬತ್ತು ಮನೆಗಳ ಚೌಕದಲ್ಲಿ ಮೇಲಿನ ಸಾಲಿಗೆ ಮೂರು ಹಲಗೆ, ಅದರ ಕೆಳಗೆ ನಡುವೆ ಒಂದರ ಕೆಳಗೊಂದು ಎರಡು ಕಡ್ಡಿ ಇಡಬೇಕು. ಇದನ್ನು ಯಾರೂ ಹೇಳಿಕೊಡದೆ ಊಹಿಸುವುದು ಹೇಗೆ? ಎಲ್ಲರೂ ಗೆಳೆಯರನ್ನೋ ಇಂಟರ್‌ನೆಟ್ಟನ್ನೋ ಕೇಳಿಯೇ ಕಲಿತದ್ದು. ಇನ್ನೂ ಹಿಂದೆ, 1984ರಲ್ಲಿ, ಜಪಾನಿನ ನಾಮ್ಕೊ ಕಂಪನಿ ‘ದಿ ಟವರ್ ಆಫ್ ಡ್ರುವಾಗಾ’ ಎಂಬ ಆಟ ತಂದಿತು. ಅರವತ್ತು ಅಂತಸ್ತಿನ ಗೋಪುರ. ಅಡಗಿಸಿಟ್ಟ ಪೆಟ್ಟಿಗೆ ಹೊರಬರಲು ಏನು ಮಾಡಬೇಕು ಅಂತ ಆಟ ಹೇಳುವುದೇ ಇಲ್ಲ. ನಾಣ್ಯ ಹಾಕಿ ಆಡುವ ಆಟದಂಗಡಿಗಳಲ್ಲಿ ಒಂದು ನೋಟ್‌ಬುಕ್ ಇಡುತ್ತಿದ್ದರು. ಗೊತ್ತಾದವರು ಬರೆದಿಡುವುದು, ಮಾರನೇ ದಿನ ಬಂದವರು ಓದಿ ಮೇಲೆ ಹತ್ತುವುದು. ಅಲ್ಲಿ ಕೇಳಿ ತಿಳಿಯುವುದೂ ಆಟದ ಭಾಗವೇ ಆಗಿತ್ತು.

ಎಲ್ಡನ್ ರಿಂಗ್ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. 2022ರ ಈ ಆಟದ ಹಿಂದಿರುವ ಹಿದೆತಾಕಾ ಮಿಯಾಝಾಕಿ ಹಿಂದೊಮ್ಮೆ ಹೇಳಿಕೊಂಡ ಪ್ರಸಂಗವೊಂದಿದೆ. ಹಿಮ ಬಿದ್ದ ಏರುದಾರಿಯಲ್ಲಿ ಕಾರುಗಳು ಸಿಕ್ಕಿಕೊಂಡಿದ್ದವು. ಹಿಂದಿನ ಕಾರು ಮುಂದಿನದನ್ನು ತಳ್ಳುತ್ತಾ ಎಲ್ಲರೂ ಮೇಲೆ ಬಂದರು. ನಿಲ್ಲಿಸಿದರೆ ಮತ್ತೆ ಸಿಕ್ಕಿಕೊಳ್ಳುವ ಭಯ, ಹಾಗಾಗಿ ತಳ್ಳಿದವರಿಗೆ ಥ್ಯಾಂಕ್ಸ್ ಹೇಳಲೂ ಆಗಲಿಲ್ಲ. ಮುಖ ನೋಡದವರು ಒಬ್ಬರಿಗೊಬ್ಬರು ನೆರವಾಗುವ ಆ ಯೋಚನೆ ಅವರ ಆಟಗಳೊಳಗೆ ಬಂತು. ನೆಲದ ಮೇಲೆ ಹೊಳೆಯುವ ಬರಹಗಳನ್ನು ನೋಡಿರುತ್ತೀರಿ. ‘ಮುಂದೆ ಗುಟ್ಟಿದೆ’ ಅಂತ ಬೇರೆ ಆಟಗಾರರು ಯಾರೋ ಬರೆದಿರುತ್ತಾರೆ. ಪಾಪ, ಒಳ್ಳೆಯವರು. ಬಂಡೆಯ ತುದಿಯಲ್ಲಿ ‘ಇಲ್ಲಿಂದ ಹಾರಿ ನೋಡಿ’ ಅಂತಲೂ ಬರೆದಿರುತ್ತಾರೆ. ಅವರನ್ನು ನಂಬಬೇಡಿ. ಹಾಗಾಗಿ ಏನೂ ತಿಳಿಯದೆ ಆಡು ಅಂತ ಈ ಆಟ ಮಾಡಿದವರೇ ಬಯಸಿಲ್ಲ. ಎಡವಿದ ಜಾಗದಲ್ಲಿ ಒಂದು ಸಾಲಿನ ಸುಳಿವು ಸಿಗಲಿ ಎಂದು ಬಯಸಿದ್ದಾರೆ. ಊರು ಬಿಡುವ ಮೊದಲೇ ಹದಿನೈದು ಗಂಟೆಯ ಉಪನ್ಯಾಸ ಅಲ್ಲ.

ಮಿಯಾಝಾಕಿ ಮಾತನ್ನೂ ಪೂರ್ತಿ ನಂಬಬೇಡಿ ಅನ್ನಿ. ಅವರದೇ 2011ರ ಆಟ ‘ಡಾರ್ಕ್ ಸೋಲ್ಸ್’ನಲ್ಲಿ ಶುರುವಿಗೆ ಆರಿಸಿಕೊಳ್ಳುವ ಉಡುಗೊರೆಗಳಲ್ಲಿ ಒಂದು ಪದಕ ಇತ್ತು. ತಾನಾದರೆ ಅದನ್ನೇ ತೆಗೆದುಕೊಳ್ಳುವೆ ಎಂದರು. ಜನ ಅದರ ಗುಟ್ಟು ಹುಡುಕಿ ಹುಡುಕಿ ಸುಸ್ತಾದರು. ಸುಮ್ನೆ ತಮಾಷೆಗೆ ಹೇಳಿದ್ದು ಅಂತ ಆಮೇಲೆ ಒಪ್ಪಿಕೊಂಡರು.

ಇನ್ನು, ಎಲ್ಲ ಗೊತ್ತಿದ್ದೂ ಯಾಕೆ ಸಾಯುತ್ತಿದ್ದೀರಿ? ಶುರುವಿನಲ್ಲಿ ಎದುರಾಗುವ ದೊಡ್ಡ ಶತ್ರು, ಅಂದರೆ ‘ಬಾಸ್’, ಮಾರ್ಗಿಟ್ ಹತ್ತಿರ ಹೋದಾಗ ಗಮನಿಸಿ. ಅವನು ಕೋಲು ಎತ್ತುತ್ತಾನೆ. ತಪ್ಪಿಸಿಕೊಳ್ಳಲು ನೀವು ಉರುಳುತ್ತೀರಿ. ಅವನು ಇನ್ನೂ ಹೊಡೆದೇ ಇರುವುದಿಲ್ಲ. ಕೋಲು ಮೇಲೇ ನಿಂತಿರುತ್ತದೆ. ನೀವು ಉರುಳಿ ಎದ್ದು ನಿಂತ ಕ್ಷಣಕ್ಕೆ ಸರಿಯಾಗಿ ಬೀಳುತ್ತದೆ. ‘ಅವನು ತಡವಾಗಿ ಹೊಡೆಯುತ್ತಾನೆ’ ಅಂತ ವಿಡಿಯೊದಲ್ಲಿ ನೂರು ಸಲ ಕೇಳಿದರೂ ಹೆಬ್ಬೆರಳಿಗೆ ಅದು ಗೊತ್ತಾಗಬೇಕಲ್ಲ! ದಡದಲ್ಲಿ ಕೂತು ಈಜು ಕಲಿತ ಹಾಗೆ. ಅಂದರೆ ಬಾಸ್‌ಗಳ ಬಗ್ಗೆ ನೀವು ನೋಡಿದ್ದರಿಂದ ನಷ್ಟವೇನೂ ಆಗಿಲ್ಲ. ಲಾಭವೂ ಕಡಿಮೆ.

ನಷ್ಟ ಆಗಿದ್ದು ಬೇರೆ ಕಡೆ. ಆಟ ಆಡಬೇಕು ಅಂತಿರುವ ಉಳಿದ ಓದುಗರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಆಟ ಶುರುವಾಗುವ ಪ್ರದೇಶ ಲಿಮ್‌ಗ್ರೇವ್‌ನ ಪಾಳುಬಿದ್ದ ಜಾಗವೊಂದರ ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ಇದೆ. ನಾನು ಏನೋ ಸಿಗುತ್ತೆ ಅಂತ ತೆರೆದೆ. ಹೊಗೆ ಬಂತು. ಕಣ್ಣು ಬಿಟ್ಟರೆ ಯಾವುದೋ ಗಣಿ. ಒಂದೇ ಏಟಿಗೆ ನನ್ನನ್ನು ಮುಗಿಸುವ ಹುಳುಗಳು. ಗೋಡೆಗೆ ಒರಗಿಕೊಂಡು, ಸತ್ತು, ಮತ್ತೆ ಓಡಿ ಹೊರಗೆ ಬಂದರೆ ಆಕಾಶ ಕೆಂಪಗಿತ್ತು. ಮನೆಗೆ ದಾರಿ ಗೊತ್ತಿಲ್ಲ. ಆಗ ರಾತ್ರಿ ಒಂದೂವರೆ ಗಂಟೆ, ನಿದ್ದೆ ಹಾರಿಹೋಗಿತ್ತು. ನಿಮಗೆ ಆ ಪೆಟ್ಟಿಗೆ ವಿಡಿಯೊದಲ್ಲೇ ಗೊತ್ತಾಗಿದೆ. ಮುಟ್ಟದೆ ಬಂದಿರುತ್ತೀರಿ, ಅಲ್ವಾ?

ಕಥೆ ಮೊದಲೇ ಗೊತ್ತಾದರೆ ಮಜಾ ಹೋಗುತ್ತದೆ ಎನ್ನುವುದನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಕೀಚಕ ಸಾಯುತ್ತಾನೆ ಅಂತ ಗೊತ್ತಿದ್ದೇ ನಮ್ಮ ಜನ ಬೆಳಗಿನವರೆಗೂ ಆಟ ನೋಡಿದವರು. ಆದರೆ ಇಲ್ಲಿ ವೇಷ ಕಟ್ಟಿದವರು ನೀವೇ. ಪೆಟ್ಟಿಗೆಗೆ ಕೈ ಹಾಕುವವರೂ ನೀವೇ ಆಗಬೇಕು.

ಈಗೇನು ಮಾಡುವುದು? ‘ಬಿಲ್ಡ್’ ವಿಡಿಯೊ, ಅಂದರೆ ಪಾತ್ರವನ್ನು ಹೇಗೆ ಬೆಳೆಸಬೇಕು ಅಂತ ಹೇಳಿಕೊಡುವವು, ನಿಲ್ಲಿಸಿ. ತಪ್ಪು ಪಾತ್ರ ಆರಿಸಿಕೊಂಡರೆ ಕೆಟ್ಟೆ ಎಂಬ ಭಯಕ್ಕೇ ಅಲ್ವಾ ಅವನ್ನು ನೋಡಿದ್ದು? ರೆನಾಲಾ ಎಂಬ ರಾಣಿಯನ್ನು ಗೆದ್ದ ಮೇಲೆ ನಿಮ್ಮ ಶಕ್ತಿಗಳನ್ನೆಲ್ಲ ಮತ್ತೆ ಮೊದಲಿನಿಂದ ಹಂಚಿಕೊಳ್ಳಬಹುದು. ವಿಡಿಯೊದವರು ಹೋಗದ ದಿಕ್ಕಿಗೆ ಕುದುರೆ ತಿರುಗಿಸಿ, ಮ್ಯಾಪ್ ದೊಡ್ಡದಿದೆ. ಎರಡು ಮೂರು ರಾತ್ರಿ ಒಂದೇ ಕಡೆ ಸಿಕ್ಕಿಕೊಂಡರೆ ಆ ಒಂದು ಪ್ರಶ್ನೆಗೆ ಉತ್ತರ ಹುಡುಕಿ, ಓದಿ, ಮುಚ್ಚಿಬಿಡಿ. ವಿಡಿಯೊಗಿಂತ ಬರಹ ವಾಸಿ. ವಿಡಿಯೊದಲ್ಲಿ ಒಂದು ಕೇಳಿದರೆ ಹತ್ತು ತೋರಿಸುತ್ತಾರೆ. ನಿಮಗೆ ಸಿಗುವ ಒಂದು ಗಂಟೆಯಲ್ಲಿ ನಲವತ್ತು ನಿಮಿಷ ದಾರಿ ತಪ್ಪಿದರೂ ಅದು ಹಾಳಾದ ಹೊತ್ತಲ್ಲ. ನನ್ನ ಕೇಳಿದರೆ ಆ ಆಟದಲ್ಲಿ ಅದೇ ಒಳ್ಳೆಯ ಹೊತ್ತು.

ಕೊನೆಗೆ, ಆ ಚಿನ್ನದ ಸವಾರ. ಅವನನ್ನು ಗೆದ್ದರೆ ಒಳ್ಳೆಯ ಆಯುಧ ಸಿಗುತ್ತದೆ ನಿಜ. ಆದರೆ ಅವನ ಪಕ್ಕದಲ್ಲೇ ದಾರಿ ಇದೆ, ಮರಗಳ ಮರೆಯಲ್ಲಿ ಸುಮ್ನೆ ಹೋಗಿಬಿಡಬಹುದು. ನನಗೆ ಅದು ಕಂಡದ್ದು ಹದಿನೇಳು ಸಲ ಸತ್ತ ಮೇಲೆ.

— ಸಂ.