ಟೆಂಟ್ ಅಂತ ಬರೆದರೆ ಸಾಲದು, ಗೂಟವನ್ನೂ ಬರೆಯಿರಿ

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಪ್ರವಾಸಕ್ಕೆ ಸಾಮಾನು ಕಟ್ಟುವ ಬಗ್ಗೆಯೇ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮ ಮನೆಯಲ್ಲಿ ಆರು ಜನ. ಎಲ್ಲಿಗೆ ಹೊರಟರೂ ಫೋನಿನಲ್ಲಿ ಪಟ್ಟಿ ಮಾಡುತ್ತೇನೆ, ಆದರೂ ಏನಾದರೊಂದು ಮನೆಯಲ್ಲೇ ಉಳಿಯುತ್ತದೆ. ದಸರಾ ರಜೆಯಲ್ಲಿ ಶಿರಸಿ, ಯಾಣ ಅಂತ ಹೊರಟಾಗ ನಮ್ಮತ್ತೆಯ ಇನ್ಸುಲಿನ್ ಫ್ರಿಜ್‌ನಲ್ಲೇ ಉಳಿಯಿತು. ಪಟ್ಟಿಯಲ್ಲಿ ಅದಕ್ಕೆ ಟಿಕ್ ಕೂಡ ಹಾಕಿದ್ದೆ! ಹಾವೇರಿ ದಾಟಿದ ಮೇಲೆ ನೆನಪಾಯಿತು. ನಮ್ಮ ಯಜಮಾನರು 'ಇಷ್ಟು ವರ್ಷ ಪಟ್ಟಿ ಇಲ್ದೆ ಓಡಾಡಿಲ್ವಾ' ಅಂತಾರೆ. ಪಟ್ಟಿಯಿಂದ ನಿಜವಾಗಿ ಉಪಯೋಗ ಇದೆಯಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಇದೆ. ಎಡವಟ್ಟಾದದ್ದು ಟಿಕ್ ಹಾಕಿದ ಹೊತ್ತಿನಲ್ಲಿ. ಹಿಂದಿನ ರಾತ್ರಿ ಕೂತು ಪಟ್ಟಿ ನೋಡುವಾಗ 'ಇನ್ಸುಲಿನ್ ಫ್ರಿಜ್‌ನಲ್ಲಿದೆ, ಬೆಳಗ್ಗೆ ತಗೊಂಡರಾಯ್ತು' ಅಂದುಕೊಂಡು ಟಿಕ್ ಹಾಕಿರುತ್ತೀರಿ, ಬೆಳಗ್ಗೆ ಮಕ್ಕಳನ್ನು ಎಬ್ಬಿಸಿ, ತಿಂಡಿ ಕಟ್ಟಿ, ಡ್ರೈವರ್ ಹಾರ್ನ್ ಹೊಡೆಯುವ ಗಡಿಬಿಡಿಯಲ್ಲಿ ಪಟ್ಟಿ ನೋಡಿದರೆ ಎಲ್ಲಕ್ಕೂ ಟಿಕ್ ಬಿದ್ದಿರುತ್ತದೆ. ಸಾಮಾನು ಚೀಲದೊಳಗೆ ಹೋದ ಮೇಲಷ್ಟೇ ಟಿಕ್ ಹಾಕಿ. ಪಕ್ಕದಲ್ಲಿ ತೆಗೆದಿಟ್ಟಿದ್ದೇನೆ ಅನ್ನುವುದಕ್ಕೂ ಹಾಕಬೇಡಿ.

ಎರಡನೆಯದು, ಹೊರಡುವ ಬೆಳಗ್ಗೆಗೆ ಅಂತ ಬೇರೆಯೇ ಒಂದು ಚೀಟಿ ಬರೆಯಿರಿ. ಕೊನೇ ಗಳಿಗೆವರೆಗೂ ಬಳಸುವ ವಸ್ತುಗಳನ್ನು ರಾತ್ರಿ ಕಟ್ಟಿಡಲು ಆಗುವುದಿಲ್ಲ, ಮರೆಯುವುದೂ ಅವನ್ನೇ. ಇನ್ಸುಲಿನ್, ಕನ್ನಡಕ, ಹಲ್ಲಿನ ಸೆಟ್, ಗೋಡೆಗೆ ಚುಚ್ಚಿದ ಚಾರ್ಜರ್. ಅದೇ ಚೀಟಿಯಲ್ಲಿ ಗ್ಯಾಸ್ ಬಂದ್, ಮೋಟರ್ ಸ್ವಿಚ್, ಹಾಲಿನವರಿಗೆ ಹೇಳುವುದು. ಇದು ಫೋನಿನಲ್ಲಿ ಬೇಡ. ಕಾಗದದಲ್ಲಿ ಬರೆದು ಮುಂಬಾಗಿಲ ಒಳಗಿನ ಚಿಲಕಕ್ಕೆ ಸಿಕ್ಕಿಸಿ. ಅದನ್ನು ಕೈಗೆ ತಗೊಳ್ಳದೆ ಬಾಗಿಲು ತೆರೆಯಲು ಆಗಬಾರದು.

ಇನ್ಸುಲಿನ್ ಬಗ್ಗೆ ಇನ್ನೆರಡು ಮಾತು. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬಳಕೆಯಲ್ಲಿರುವ ಹೆಚ್ಚಿನ ಇನ್ಸುಲಿನ್‌ಗಳು ತುಂಬಾ ಬಿಸಿಯಿಲ್ಲದ ಕಡೆ ಸುಮಾರು 4 ವಾರ ಹೊರಗೂ ತಡೆಯುತ್ತವೆ, ನಿಮ್ಮದರ ಡಬ್ಬಿಯ ಮೇಲೆ ಏನು ಬರೆದಿದೆ ನೋಡಿಕೊಳ್ಳಿ. ತಂಪಿರಲಿ ಅಂತ ಐಸ್‌ಗೆ ನೇರವಾಗಿ ತಾಗಿಸಿ ಇಡಬೇಡಿ, ಒಮ್ಮೆ ಹೆಪ್ಪುಗಟ್ಟಿದ್ದನ್ನು ಮತ್ತೆ ಬಳಸುವ ಹಾಗಿಲ್ಲ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಂತೂ ಬಿಡಲೇಬೇಡಿ. ಡಾಕ್ಟರ್ ಬರೆದ ಚೀಟಿಯ ಫೋಟೊ ಇಬ್ಬರ ಫೋನಿನಲ್ಲಾದರೂ ಇರಲಿ.

ಯಜಮಾನರ ಮಾತೂ ಸುಳ್ಳಲ್ಲ. ಆಗ ನಾವು ಹೋಗುತ್ತಿದ್ದದ್ದು ಅಜ್ಜಿ ಮನೆಗೆ, ಚಿಕ್ಕಪ್ಪನ ಮನೆಗೆ. ಟವೆಲ್ ಮರೆತರೆ ಅಲ್ಲೊಂದು ಟವೆಲ್ ಸಿಗುತ್ತಿತ್ತು. ಈಗ ಹೋಗುವುದು ಗುರುತಿಲ್ಲದ ಜಾಗಕ್ಕೆ, ಅಂಗಡಿ ಹುಡುಕಬೇಕೆಂದರೆ ಎಷ್ಟೋ ಕಿಲೋಮೀಟರ್ ಹೋಗಬೇಕು. ಜೊತೆಗೆ ಅತ್ತೆಯವರಿಗೆ ವಯಸ್ಸೂ ಆಗಿದೆ. ಯಜಮಾನರಿಗೆ ಇದನ್ನೇ ನಿಧಾನವಾಗಿ ಹೇಳಿ, ಆಮೇಲೆ ಬಾಗಿಲ ಚೀಟಿಯ ಜವಾಬ್ದಾರಿ ಅವರಿಗೇ ಕೊಡಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಹೆಂಡತಿ ಮತ್ತು ಐದು ವರ್ಷದ ಮಗಳ ಜೊತೆ ಸಕಲೇಶಪುರದ ಕಡೆ ಮೊದಲ ಸಲ ಟೆಂಟ್ ಹಾಕಿ ಎರಡು ರಾತ್ರಿ ಇರಬೇಕು ಅಂತಿದ್ದೇವೆ. ಇಂಟರ್ನೆಟ್‌ನಲ್ಲಿ ಸಿಗುವ ಪಟ್ಟಿಗಳಲ್ಲಿ ನೂರಕ್ಕೂ ಹೆಚ್ಚು ಸಾಮಾನು ಇವೆ, ನೋಡಿಯೇ ಸುಸ್ತಾಯಿತು. ನಿಜವಾಗಿ ಬೇಕಾದದ್ದು ಏನು?
– ಓದುಗರು, ಬೆಂಗಳೂರು

ಉತ್ತರ: ಆ ಉದ್ದದ ಪಟ್ಟಿಗಳನ್ನು ಬಿಡಿ, ಅವುಗಳಲ್ಲಿ ಅರ್ಧ ಹಿಮ ಬೀಳುವ ದೇಶಗಳಿಗೆ ಬರೆದವು. ಮೊದಲು ಜಾಗ ಗಟ್ಟಿ ಮಾಡಿಕೊಳ್ಳಿ. ಸಕಲೇಶಪುರ, ಆಲೂರು ಕಡೆ ಕಾಡಾನೆಗಳ ಓಡಾಟ ಇದೆ, ಕಾಫಿ ತೋಟಗಳ ಒಳಗೂ ಬರುತ್ತವೆ. ಚೆಂದದ ಬಯಲು ಕಂಡಿತು ಅಂತ ಎಲ್ಲೆಂದರಲ್ಲಿ ಟೆಂಟ್ ಹೊಡೆಯಬೇಡಿ, ಪುಟ್ಟ ಮಗು ಬೇರೆ ಇದೆ. ಟೆಂಟ್‌ಗೆ ಜಾಗ ಕೊಡುವ ಹೋಂಸ್ಟೇ ಅಂಗಳವೇ ನಿಮಗೆ ಸರಿ. ಕಾಡಿನ ಜಾಗವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಇನ್ನು ಪಟ್ಟಿ. ನಮ್ಮ ಮೊದಲ ಟೆಂಟ್ ಪ್ರವಾಸಕ್ಕೆ ನಾನು ಒಂದು ಸಾಲಿನಲ್ಲಿ 'ಟೆಂಟ್' ಅಂತ ಬರೆದಿದ್ದೆ. ಟೆಂಟ್ ಬಂತು, ಕಂಬಿಗಳೂ ಬಂದವು. ಗೂಟಗಳ ಪುಟ್ಟ ಚೀಲ ಮಾತ್ರ ಮನೆಯ ಬಾಲ್ಕನಿಯಲ್ಲೇ ಉಳಿದಿತ್ತು, ಹಿಂದಿನ ವಾರ ತೊಳೆದು ಒಣಗಲು ಇಟ್ಟಿದ್ದೆವು. ಸಂಜೆ ಆರಕ್ಕೆ ಗಾಳಿ ಶುರುವಾಯಿತು. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿ ಮಲಗಿದೆವು, ರಾತ್ರಿಯಿಡೀ ಬಟ್ಟೆ ಪಟಪಟ ಹೊಡೆದುಕೊಂಡು ಯಾರಿಗೂ ನಿದ್ದೆ ಇಲ್ಲ. ಅವತ್ತಿನಿಂದ ನನ್ನ ಪಟ್ಟಿಯಲ್ಲಿ ಆ ಒಂದು ಮಾತು ಐದಾಗಿದೆ: ಒಳಗಿನ ಟೆಂಟ್, ಮೇಲಿನ ಹೊದಿಕೆ, ಕಂಬಿ, ಗೂಟ ಎಣಿಸಿ, ಹಗ್ಗ. ಸ್ಟೌ ಅಂದರೂ ಹಾಗೇ, ಸ್ಟೌ ಬೇರೆ, ಗ್ಯಾಸ್ ಡಬ್ಬಿ ಬೇರೆ, ಲೈಟರ್ ಬೇರೆ.

ಪೂಜೆಗೆ ಮುಂಚೆ ಪುರೋಹಿತರು ಕೊಡುವ ಚೀಟಿ ನೆನಪಿಸಿಕೊಳ್ಳಿ. ಅದರಲ್ಲಿ ಸುಮ್ನೆ 'ಹಣ್ಣು ಕಾಯಿ' ಅಂತ ಇರುವುದಿಲ್ಲ. ವೀಳ್ಯದೆಲೆ 50, ತೆಂಗಿನಕಾಯಿ 5, ಬಾಳೆಹಣ್ಣು 2 ಡಜನ್ ಅಂತ ಲೆಕ್ಕ ಇರುತ್ತದೆ. ಪ್ರವಾಸದ ಪಟ್ಟಿಯೂ ಹಾಗಿರಬೇಕು. ಕುಡಿಯಲು, ಅಡುಗೆಗೆ ಸೇರಿ ತಲೆಗೆ ದಿನಕ್ಕೆ 4 ಲೀಟರ್ ನೀರು ಹಿಡಿಯಿರಿ. ಮಗಳಿಗೆ ಮೂರು ಜೊತೆ ಬಟ್ಟೆ, ಅದರಲ್ಲಿ ಒಂದು ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕಾರಿನಲ್ಲೇ ಇರಲಿ, ಉಳಿದೆರಡೂ ಒದ್ದೆಯಾಗುವವರೆಗೆ ಅದನ್ನು ಮುಟ್ಟಬೇಡಿ. ಮಲೆನಾಡಿನ ಡಿಸೆಂಬರ್ ಇಬ್ಬನಿಗೆ ಬೆಳಗಾಗುವಷ್ಟರಲ್ಲಿ ಟೆಂಟ್ ಮಳೆ ಬಂದ ಹಾಗೆ ತೊಯ್ದಿರುತ್ತದೆ.

ಹೊಸಬರು ಮೇಲೆ ಹೊದೆಯಲು ಕಂಬಳಿ ತರುತ್ತಾರೆ, ಕೆಳಗೆ ಹಾಸಲು ಏನೂ ತರುವುದಿಲ್ಲ. ಚಳಿ ಏರುವುದು ನೆಲದಿಂದ. ದಪ್ಪ ಫೋಮ್ ಮ್ಯಾಟ್ ಬೇಕು, ಇಲ್ಲದಿದ್ದರೆ ಚಾಪೆಯ ಮೇಲೆ ಜಮಖಾನ ಮಡಿಸಿ ಹಾಸಿ. ಎಷ್ಟೇ ಚಳಿ ಇರಲಿ, ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ ಸ್ಟೌವನ್ನಾಗಲಿ ಟೆಂಟ್ ಒಳಗೆ ಇಡಲೇಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರವಾಗುವುದೇ ಇಲ್ಲ. ಇದನ್ನು ಕೈಮುಗಿದು ಹೇಳುತ್ತಿದ್ದೇನೆ.

ಉಳಿದದ್ದು ಸಲೀಸು. ತಲೆಗೆ ಕಟ್ಟುವ ಟಾರ್ಚ್ ಎರಡು, ಮಗಳ ಕೊರಳಿಗೊಂದು ಸೀಟಿ, ಜ್ವರದ ಸಿರಪ್, ಓಆರ್‌ಎಸ್, ಕಸ ವಾಪಸ್ ತರಲು ಎರಡು ದೊಡ್ಡ ಚೀಲ. ಊಟಕ್ಕೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಇದ್ದರೆ ಒಲೆ ಕೈಕೊಟ್ಟರೂ ಯಾರೂ ಹಸಿದು ಮಲಗುವುದಿಲ್ಲ.

ಪ್ರಶ್ನೆ: ಒಂದೂವರೆ ವರ್ಷದ ಮೊಮ್ಮಗನ ಜೊತೆ ರೈಲಿನಲ್ಲಿ ಕಾಶಿಗೆ ಹೊರಟಿದ್ದೇವೆ. ಅವನಿಗೆ ಗಂಜಿ ಕಾಯಿಸಲು ಪುಟ್ಟ ಗ್ಯಾಸ್ ಸ್ಟೌ ಪಟ್ಟಿಯಲ್ಲಿ ಸೇರಿಸಬಹುದಾ?
– ಓದುಗರು, ಶಿವಮೊಗ್ಗ

ಉತ್ತರ: ಬೇಡವೇ ಬೇಡ. ರೈಲಿನಲ್ಲಿ ಗ್ಯಾಸ್, ಸೀಮೆಎಣ್ಣೆ, ಸ್ಟೌ ಒಯ್ಯುವುದು ಅಪರಾಧ, ರೈಲ್ವೆ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು ಇದೆ. 2023ರ ಆಗಸ್ಟ್‌ನಲ್ಲಿ ಮಧುರೈನಲ್ಲಿ ನಿಂತಿದ್ದ ಯಾತ್ರಿಕರ ಬೋಗಿಗೆ ಬೆಂಕಿ ಬಿದ್ದು 9 ಜನ ಹೋದರು, ಒಳಗೆ ಕದ್ದುಮುಚ್ಚಿ ತಂದ ಸಿಲಿಂಡರ್ ಇತ್ತು. ಎಲೆಕ್ಟ್ರಿಕ್ ಕೆಟಲನ್ನೂ ಮೊಬೈಲ್ ಚಾರ್ಜ್ ಮಾಡುವ ಪ್ಲಗ್‌ಗೆ ಹಾಕಬಾರದು. ನಮ್ಮಲ್ಲೇ ಒಳ್ಳೆಯ ಉಪಾಯ ಇದೆ, ರಾಗಿ ಹುರಿಹಿಟ್ಟು. ಹುರಿದು ಅರಳಿಸಿ ಬೀಸಿದ ಹಿಟ್ಟಾದ್ದರಿಂದ ಬೇಯಿಸಬೇಕಾಗಿಲ್ಲ. ಫ್ಲಾಸ್ಕಿನ ಬಿಸಿನೀರು, ಚೂರು ಬೆಲ್ಲ ಹಾಕಿ ಕಲಸಿದರೆ ಆಯಿತು. ಮಗು ತಿನ್ನುತ್ತದಾ ಅಂತ ಹೊರಡುವ ಹತ್ತು ದಿನ ಮುಂಚೆಯೇ ಮನೆಯಲ್ಲಿ ಕೊಟ್ಟು ನೋಡಿ, ರೈಲಿನಲ್ಲಿ ಮೊದಲ ಸಲ ಕೊಡಬೇಡಿ.

ಪ್ರಶ್ನೆ: ಪ್ರತಿ ಸಲ ಹೊಸದಾಗಿ ಪಟ್ಟಿ ಬರೆಯಬೇಕಾ? ಒಂದೇ ಪಟ್ಟಿ ಸಾಲದಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಒಂದೇ ಸಾಕು, ಆದರೆ ಅದನ್ನು ತಿದ್ದಬೇಕಾದದ್ದು ವಾಪಸ್ ಬಂದ ರಾತ್ರಿ. ಹೊರಡುವಾಗ ನಮಗೆ ಇರುವುದು ಬರೀ ಊಹೆ, ಬಂದ ರಾತ್ರಿ ಎಲ್ಲಾ ಗೊತ್ತಿರುತ್ತದೆ, ಯಾವ ಸ್ವೆಟರ್ ಚೀಲದಿಂದ ಹೊರಗೇ ಬರಲಿಲ್ಲ, ಯಾವುದಕ್ಕೆ ಪರದಾಡಿದೆವು. ಚೀಲ ಖಾಲಿ ಮಾಡುತ್ತಾ ಮಾಡುತ್ತಾ ಬಳಸದ್ದಕ್ಕೆ ಗೆರೆ ಎಳೆಯಿರಿ, ಇಲ್ಲದೆ ಒದ್ದಾಡಿದ್ದನ್ನು ಸೇರಿಸಿ. ಔಷಧಿಗೆ ಮಾತ್ರ ಗೆರೆ ಎಳೆಯಬೇಡಿ, ಬಳಸದಿದ್ದರೆ ಒಳ್ಳೆಯದೇ ಆಯಿತು. ನನ್ನ ಪಟ್ಟಿ ಹಳೇ ನೋಟ್‌ಬುಕ್ಕಿನ ರಟ್ಟಿನ ಮೇಲಿದೆ, ಬೀರುವಿನ ಬಾಗಿಲ ಒಳಗೆ ಪೆನ್ಸಿಲ್ ಸಮೇತ ತೂಗುಹಾಕಿದ್ದೇನೆ. ಎಷ್ಟೋ ಸಾಲು ಹೋಗಿವೆ, ಎಷ್ಟೋ ಬಂದಿವೆ. ಅದರ ಕೊನೇ ಸಾಲು ಮನೆಗೆ ಬಂದ ಮೇಲಿನ ಕೆಲಸಕ್ಕೆ: ಟೆಂಟ್ ಬಿಚ್ಚಿ ಹರವು, ಪೂರ್ತಿ ಒಣಗಿದ ಮೇಲೇ ಮಡಚು, ಗೂಟದ ಚೀಲವನ್ನು ಅದರೊಳಗೇ ಹಾಕು.