ಪದವಿ ಕಾಲೇಜಿನಲ್ಲಿ ಪಾಠ ಮಾಡಲು ಬಿ.ಎಡ್. ಬೇಕೇ?

ಸಿಂಧನೂರಿನಲ್ಲಿ ಎಂ.ಕಾಂ. ಮುಗಿಸಿರುವ ತಾವು, ಪದವಿ ಕಾಲೇಜಿನ ಅಧ್ಯಾಪಕರಾಗಲು ಬಿ.ಎಡ್. ಬೇಕೇ, ಪಾಠ ಮಾಡುವುದನ್ನು ಎಲ್ಲಿ ಕಲಿಯಬೇಕು ಎಂದು ಕೇಳಿದ್ದೀರಿ. ಬಿ.ಎಡ್. ಕೇಳುವುದು ಪಿಯು ಉಪನ್ಯಾಸಕ ಹುದ್ದೆಗೆ. ಪದವಿ ಕಾಲೇಜಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕಗಳ ಜೊತೆಗೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯಮಟ್ಟದ ಕೆಸೆಟ್ ಪರೀಕ್ಷೆಯ ಅರ್ಹತೆ, ಇಲ್ಲವೇ ಪಿಎಚ್.ಡಿ. ಇರಬೇಕು. ಕಲ್ಯಾಣ ಕರ್ನಾಟಕದವರಿಗೆ ನೇಮಕಾತಿಯಲ್ಲಿ ಮೀಸಲಾತಿ ಕೊಡುವ 371(ಜೆ) ವಿಧಿಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ನೆಟ್‌ನ ಮೊದಲ ಪತ್ರಿಕೆಯಲ್ಲಿ ಬೋಧನಾ ಸಾಮರ್ಥ್ಯದ ಪ್ರಶ್ನೆಗಳಿದ್ದರೂ ಅವೆಲ್ಲ ಬಹುಆಯ್ಕೆಯವು; ಸರಿಯುತ್ತರ ಗುರುತಿಸಿದವರೆಲ್ಲ ಚೆನ್ನಾಗಿ ಪಾಠ ಮಾಡುತ್ತಾರೆಂದು ನಾನಂತೂ ನಂಬಲಾರೆ. ಯುಜಿಸಿಯ ಮಾಳವೀಯ ಮಿಷನ್ ತರಬೇತಿ ಮುಖ್ಯವಾಗಿ ಕೆಲಸಕ್ಕೆ ಸೇರಿದವರಿಗೆ. ಆದ್ದರಿಂದ ಅವಕಾಶ ಸಿಕ್ಕರೆ, ಸಂಬಳ ಕಡಿಮೆಯಾದರೂ, ಅತಿಥಿ ಉಪನ್ಯಾಸಕರಾಗಿ ತರಗತಿಗೆ ಇಳಿಯುವುದೇ ಒಳ್ಳೆಯದು.

ನಮ್ಮ ರಾಯಚೂರು, ಕೊಪ್ಪಳದ ಕಾಲೇಜುಗಳಲ್ಲಿ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳೇ ಹೆಚ್ಚು. ಅವರಿಗೆ ಸವಕಳಿಯ (ಬಳಕೆಯಿಂದ ಆಸ್ತಿಯ ಬೆಲೆ ವರ್ಷವರ್ಷ ಇಳಿಯುವುದರ ಲೆಕ್ಕ) ಪಾಠವನ್ನು ವ್ಯಾಖ್ಯೆಯಿಂದ ಆರಂಭಿಸಬೇಡಿ. ಕಾರಟಗಿಯ ರೈಸ್ ಮಿಲ್ಲಿಗೆ ಹತ್ತು ಲಕ್ಷ ರೂಪಾಯಿಯ ಯಂತ್ರ ಬಂತು, ಹತ್ತು ವರ್ಷ ದುಡಿಯಿತು, ಕೊನೆಗೆ ಗುಜರಿಗೆ ಒಂದು ಲಕ್ಷಕ್ಕೆ ಹೋಯಿತು ಎಂದು ಹೇಳಿ, ವರ್ಷಕ್ಕೆ ಎಷ್ಟು ಖರ್ಚು ಬರೆಯಬೇಕೆಂದು ಕೇಳಿ ಸುಮ್ಮನಿರಿ. ಆ ಮೌನವನ್ನು ಸಹಿಸುವುದು ಹೊಸ ಅಧ್ಯಾಪಕರಿಗೆ ಬಹಳ ಕಷ್ಟ. ಆದರೂ ಉತ್ತರವನ್ನು ತಾವೇ ಹೇಳಬಾರದು. ತೊಂಬತ್ತು ಸಾವಿರ ಎಂದು ಹಿಂದಿನ ಬೆಂಚಿನಿಂದ ಬಂದ ಮೇಲೆ ಸೂತ್ರವನ್ನು ಬೋರ್ಡಿನ ಮೇಲೆ ಬರೆಯಿರಿ. ತಿಂಗಳಿಗೊಮ್ಮೆ ಹಿರಿಯ ಸಹೋದ್ಯೋಗಿಯೊಬ್ಬರನ್ನು ತರಗತಿಯಲ್ಲಿ ಕೂರಿಸಿಕೊಂಡು, ಎಲ್ಲಿ ಅವಸರವಾಯಿತೆಂದು ಕೇಳಿಕೊಳ್ಳಿ.