ತೊಳೆದಷ್ಟೂ ತುರಿಕೆ ಜಾಸ್ತಿ, ಎಂತ ಮಾಡ್ಲಿ ಅಕ್ಕಾ?

ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯ ತಂಗಿಯೊಬ್ಬಳು ಬರೆದಿದ್ದಾಳೆ. ಮದುವೆಯಾಗಿ ಎಂಟು ತಿಂಗಳು, ಕೆಮ್ಮು ಜ್ವರಕ್ಕೆ ಒಂದು ವಾರ ಆ್ಯಂಟಿಬಯೋಟಿಕ್ ತಗೊಂಡಿದ್ದಳಂತೆ, ಅದು ಮುಗಿದದ್ದೇ ಕೆಳಗೆ ತಡೀಲಿಕ್ಕಾಗದ ತುರಿಕೆ, ಒಡೆದ ಮೊಸರಿನ ಹಾಗೆ ಬಿಳಿ ಹೋಗ್ತಾ ಉಂಟು, ವಾಸನೆ ಇಲ್ಲ. ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ತೊಳೀತಾಳೆ. ಅತ್ತೆ ಉಷ್ಣ ಅಂತಾರೆ, ಗಂಡ ‘ಇದೆಲ್ಲಿಂದ ಬಂತು?’ ಅಂತ ಕೇಳಿದ್ದು ಮನಸ್ಸಲ್ಲಿ ಕೊರೀತಾ ಉಂಟಂತೆ. ಡಾಕ್ಟ್ರಿಗೆ ಕನ್ನಡ ಬರೋದಿಲ್ಲ, ಮಲಯಾಳದಲ್ಲಿ ಹೇಗೆ ಹೇಳೋದು ಅಂತ ಹೋಗ್ಲೇ ಇಲ್ಲ.

ತಂಗೀ, ಮೊದಲು ಗಂಡನ ಮಾತಿಗೇ ಉತ್ತರ ಹೇಳ್ತೇನೆ. ನೀನು ಬರೆದದ್ದು ನೋಡಿದ್ರೆ ಕ್ಯಾಂಡಿಡಾ ಅನ್ನುವ ಫಂಗಸ್ ಇರಬೇಕು, ಅದು ಎಷ್ಟೋ ಹೆಂಗಸರ ಮೈಯಲ್ಲಿ ಮೊದಲೇ ಸ್ವಲ್ಪ ಇರ್ತದೆ, ಹೆಚ್ಚಾಗದ ಹಾಗೆ ನೋಡಿಕೊಳ್ಳೋದು ಅಲ್ಲೇ ಇರುವ ಒಳ್ಳೆ ಬ್ಯಾಕ್ಟೀರಿಯಾ. ಆ್ಯಂಟಿಬಯೋಟಿಕ್ ಅದನ್ನೂ ಕೊಂದಿತು, ಫಂಗಸ್ಸಿಗೆ ಜಾಗ ಸಿಕ್ಕಿತು, ಅಷ್ಟೇ. ನೂರರಲ್ಲಿ ಸುಮಾರು 75 ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದ್ರೂ ಬರ್ತದೆ, ಮದುವೆಯಾಗದ ಹುಡುಗಿಯರಿಗೂ ಬರ್ತದೆ, ಲೈಂಗಿಕ ರೋಗ ಅಂತ ಇದನ್ನ ಲೆಕ್ಕ ಹಾಕೋದಿಲ್ಲ. ಇಷ್ಟನ್ನ ಅವರಿಗೆ ಓದಿಸು.

ಆ ಸೋಪು ಇವತ್ತೇ ನಿಲ್ಲಿಸು ಮಾರಾಯ್ತಿ. ಒಳಗೆ ತೊಳೆದಷ್ಟೂ ಉಳಿದ ಒಳ್ಳೆ ಬ್ಯಾಕ್ಟೀರಿಯಾನೂ ಹೋಗ್ತದೆ, ಚರ್ಮ ಉರೀತದೆ. ಹೊರಗೆ ಮಾತ್ರ ಬರೀ ನೀರು, ಆಮೇಲೆ ಒರೆಸಿಕೊ. ಮೆಡಿಕಲ್ ಶಾಪಿನಲ್ಲಿ ತುರಿಕೆಗೆ ಅಂತ ಕೇಳಿ ಸ್ಟೀರಾಯ್ಡ್ ಸೇರಿದ ಟ್ಯೂಬ್ ತರಬೇಡ, ಎರಡು ದಿನ ಹಾಯೆನಿಸಿ ಆಮೇಲೆ ಫಂಗಸ್ ಜಾಸ್ತಿಯಾಗ್ತದೆ.

ಮದ್ದು ಸುಲಭ ಉಂಟು. ರಾತ್ರಿ ಮಲಗುವಾಗ ಒಳಗಿಡುವ ಕ್ಲೋಟ್ರಿಮಜೋಲ್ ಮಾತ್ರೆ ಕೆಲವು ದಿನಕ್ಕೆ ಕೊಡ್ತಾರೆ, ಇಲ್ಲಾಂದ್ರೆ ನುಂಗ್ಲಿಕ್ಕೆ ಫ್ಲುಕೋನಜೋಲ್ 150 ಮಿಲಿಗ್ರಾಂ ಒಂದೇ ಒಂದು. ಆದ್ರೆ ಈ ತಿಂಗಳು ಮುಟ್ಟು ತಡವಾಗಿದ್ರೆ ಅದನ್ನ ಮೊದಲು ಹೇಳು, ಬಸುರಿಯರಿಗೆ ನುಂಗುವ ಮಾತ್ರೆ ಕೊಡೋದಿಲ್ಲ. ಜ್ವರ, ಕಿಬ್ಬೊಟ್ಟೆ ನೋವು, ಕೆಟ್ಟ ವಾಸನೆ ಶುರುವಾದ್ರೆ ಅದು ಬೇರೆಯದೇ ಇರಬಹುದು, ತಡ ಮಾಡಬೇಡ. ಪದೇ ಪದೇ ಬಂದ್ರೆ ಶುಗರ್ ಟೆಸ್ಟ್ ಮಾಡಿಸು.

ಮತ್ತೆ ಈ ಮಳೆಗಾಲದಲ್ಲಿ ಒಳಬಟ್ಟೆಯನ್ನ ಯಾರಿಗೂ ಕಾಣಬಾರದು ಅಂತ ಸೀರೆ ಅಡಿಗೆ ಹಾಕಿ ಒಣಗಿಸ್ತೇವಲ್ಲಾ, ಬೆಳಿಗ್ಗೆ ಮುಟ್ಟಿದ್ರೆ ಇನ್ನೂ ತಣ್ಣಗೆ ಥಂಡಿ, ಅದನ್ನೇ ಹಾಕಿಕೊಳ್ಳೋದು. ಗಾಳಿಗೆ ಹಾಕು, ಕಾಟನ್ನದ್ದೇ ತಗೋ.

ಮಲಯಾಳದ್ದು ಎರಡು ಶಬ್ದ ಸಾಕು: ‘ವೆಳ್ಳಪೋಕ್ಕ್, ಚೊರಿಚ್ಚಿಲ್’. ಬಿಳಿ ಹೋಗೋದು, ತುರಿಕೆ. ಆ ಆ್ಯಂಟಿಬಯೋಟಿಕ್ ಚೀಟಿ ಕೈಯಲ್ಲಿ ಹಿಡ್ಕೊಂಡು ನಾಳೆಯೇ ಹೋಗು.